ಐರ್ಲೆಂಡಿನ ಮೊದಲ ಸಂಸತ್ತನ್ನು ಕಟ್ಟುವಾಗ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಡಿ ವಲೆರಾ ಅವರ ವಿಚಾರ ಏನಿತ್ತು? ಸೆಮಿನಾರ್‌ಗೆ ಬೇಕು.

ಎಂ.ಎ. ಪ್ರಬಂಧಕ್ಕೆ ನಾನೂ ಇದನ್ನೇ ಹಿಡಿದಿದ್ದೆ. ಮೊದಲ ಸಾಲಿನಲ್ಲೇ ಎಡವಿದೆ. 1919ರ ಜನವರಿ 21ರಂದು ಡಬ್ಲಿನ್‌ನ ಮ್ಯಾನ್ಷನ್ ಹೌಸ್‌ನಲ್ಲಿ ಡಿ ವಲೆರಾ ಐರಿಷ್ ಸಂಸತ್ತು 'ಡಾಲ್' ಅನ್ನು ಶುರು ಮಾಡಿದರು ಅಂತ ಬರೆದಿದ್ದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಆವತ್ತು ಅವರು ಎಲ್ಲಿದ್ರು?" ನನಗೆ ಬಾಯೇ ಬರಲಿಲ್ಲ. ಅವರು ಇಂಗ್ಲೆಂಡಿನ ಲಿಂಕನ್ ಜೈಲಿನಲ್ಲಿದ್ದರು.

ತಪ್ಪಿಗೆ ಕಾರಣ ಒಂದು ಫೋಟೊ. 'ಮೊದಲ ಡಾಲ್' ಅಂದರೆ ಎಲ್ಲ ಕಡೆ ಅದೇ ಸಿಗುತ್ತದೆ. ಮುಂದಿನ ಸಾಲಿನಲ್ಲಿ ಡಿ ವಲೆರಾ ಕೂತಿದ್ದಾರೆ. ಮೊದಲ ದಿನದ್ದೇ ಅಂದುಕೊಂಡೆ. ತಾರೀಖು ನೋಡಲಿಲ್ಲ. ಅದು ಏಪ್ರಿಲ್ 10ರದ್ದು. ಅವರು ಫೆಬ್ರವರಿ 3ಕ್ಕೆ ಜೈಲಿನಿಂದ ತಪ್ಪಿಸಿಕೊಂಡು, ಏಪ್ರಿಲ್ 1ಕ್ಕೆ ಡಾಲ್‌ನ ಅಧ್ಯಕ್ಷರಾದ, ಅಂದರೆ ಅದರ ಸರ್ಕಾರದ ಮುಖ್ಯಸ್ಥರಾದ ಮೇಲೆ ತೆಗೆದದ್ದು. ತಾರೀಖು ತಪ್ಪಿದ್ದಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಆದರೆ ಮೊದಲ ದಿನದ ಘೋಷಣೆಗಳೆಲ್ಲ ಅವರದೇ ವಿಚಾರ ಅಂತ ಇಡೀ ಎರಡನೇ ಅಧ್ಯಾಯ ಕಟ್ಟಿದ್ದೆ. ಎಲ್ಲ ಹೋಯಿತು. ಮತ್ತೆ ಬರೆಯಲು ಆರು ತಿಂಗಳು ಹಿಡಿಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಡಾಲ್ ಶುರುವಾದದ್ದು ಅವರಿಲ್ಲದೆ. 1918ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸಂಸತ್ತಿಗೆ ನಡೆದ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ ಸ್ವಾತಂತ್ರ್ಯ ಬೇಕೆನ್ನುವ ಶಿನ್ ಫೇನ್ ಪಕ್ಷ 73 ಗೆದ್ದಿತ್ತು. ಲಂಡನ್ ಸಂಸತ್ತಿಗೆ ಹೋಗುವುದಿಲ್ಲ ಅಂತ ಹೇಳಿಯೇ ಆ ಪಕ್ಷದವರು ಗೆದ್ದಿದ್ದರು. ಎಷ್ಟೋ ಜನ ಜೈಲಿನಲ್ಲಿದ್ದರು. ಹೊರಗಿದ್ದವರು ಸೇರಿದರು, ಅವರಲ್ಲೊಬ್ಬರಾದ ಕಾಹಲ್ ಬ್ರೂಹಾ ಸಭೆ ನಡೆಸಿದರು. ಹಾಜರಿ ಕೂಗಿದಾಗ ಡಿ ವಲೆರಾ ಹೆಸರಿಗೆ ಐರಿಷ್ ಭಾಷೆಯಲ್ಲಿ ಬಂದ ಉತ್ತರ, 'ಪರಕೀಯರ ಸೆರೆಯಲ್ಲಿ'. ಒಬ್ಬರಾದ ಮೇಲೆ ಒಬ್ಬರ ಹೆಸರಿಗೆ ಅದೇ ಉತ್ತರ. ಇವತ್ತಿಗೂ ಅದನ್ನು ಓದಿದರೆ ನನಗೆ ಮೈ ಜುಂ ಅನ್ನುತ್ತದೆ.

ಅವರ ವಿಚಾರವೇ ಬೇಕಾದರೆ ಆ ಫೋಟೊದ ದಿನದಿಂದ ಶುರು ಮಾಡಿ. ಐರ್ಲೆಂಡಿನಲ್ಲಿ ಕಾನೂನುಬದ್ಧ ಅಧಿಕಾರ ಒಂದೇ, ಅದು ಜನ ಆರಿಸಿದ ಗಣರಾಜ್ಯದ ಸರ್ಕಾರದ್ದು ಅಂತ ಅವರು ಡಾಲ್‌ನಲ್ಲಿ ಹೇಳಿದ್ದು ಆವತ್ತೇ. ಅಲ್ಲಿಂದ ನೇರವಾಗಿ 1922ರ ಜನವರಿ 7ಕ್ಕೆ ಬನ್ನಿ. ಗಣರಾಜ್ಯದ ಬದಲು ಬ್ರಿಟಿಷ್ ಸಾಮ್ರಾಜ್ಯದೊಳಗೇ ಸ್ವಯಂ ಆಡಳಿತ ಕೊಡುವ, ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ ಡಾಲ್ 64–57 ಮತಗಳಿಂದ ಒಪ್ಪಿಗೆ ಕೊಟ್ಟಿತು. ಗಣರಾಜ್ಯವನ್ನು ಕಟ್ಟಿದ್ದು ಜನ, ತೆಗೆಯುವುದಾದರೂ ಜನರೇ ತೆಗೆಯಬೇಕು ಅನ್ನುವುದು ಆಗ ಒಪ್ಪಂದವನ್ನು ವಿರೋಧಿಸಿದ ಡಿ ವಲೆರಾ ಅವರ ವಾದ. ಜನ ಆರಿಸಿದ ಸಭೆ ದೊಡ್ಡದೋ, ಜನರೇ ದೊಡ್ಡವರೋ? ನಿಮ್ಮ ಸೆಮಿನಾರ್ ಇಷ್ಟೇ ಇರಲಿ. 1937ರ ಐರಿಷ್ ಸಂವಿಧಾನ, ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮ ಮಂಗಳೂರಿನ ಬಿ.ಎನ್. ರಾವ್ ಡಬ್ಲಿನ್‌ಗೆ ಹೋಗಿ ಅವರನ್ನು ಕಂಡದ್ದು, ಅದೆಲ್ಲ ಬೇರೆ ಕತೆ. ಅದನ್ನು ಇದರಲ್ಲಿ ಸುಮ್ನೆ ತುರುಕಬೇಡಿ.