ಕೊನೆಯ ರಾತ್ರಿಯನ್ನು ಬಿಟ್ಟು ಬರೆಯಿರಿ

ಪ್ರಿಯ ಲೇಖಕಿಯವರಿಗೆ, ದಾವಣಗೆರೆಯಿಂದ ನಮಸ್ಕಾರಗಳು.

ಹಾಲಿವುಡ್ ನಟಿ ಮೆರಿಲಿನ್ ಮನ್ರೋ ಅವರ ಕೊನೆಯ ದಿನಗಳನ್ನು ಕುರಿತು ನೀವು ಜಗಳೂರಿನಿಂದ ಕಳುಹಿಸಿದ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾರೆ. ಆದರೂ ಒಂದು ಸಾಲಿನ ವಿಷಾದ ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ನಿಮ್ಮ ಮೂರನೆಯ ಪುಟ ನನ್ನನ್ನು ತಡೆಯಿತು. ಆ ಪುಟದ ಮಾತನ್ನು ಕಡೆಗೆ ಆಡುತ್ತೇನೆ.

ಹನ್ನೊಂದು ಪುಟಗಳಲ್ಲಿ ಏಳು ಪುಟಗಳನ್ನು ನೀವು 1962ರ ಆಗಸ್ಟ್ 4ರ ಒಂದೇ ರಾತ್ರಿಗೆ ಕೊಟ್ಟಿದ್ದೀರಿ. ‘ಕನ್ನಡಿಯ ಮುಂದೆ ನಿಂತ ಅವಳು, ಇನ್ನು ತಾನು ಯಾರಿಗೂ ಬೇಡವಾದೆನೆಂದು ಅರಿತು ಮೌನವಾಗಿ ನಕ್ಕಳು’ ಎಂಬುದು ನಿಮ್ಮ ವಾಕ್ಯ. ಈ ನಗೆಯನ್ನು ಕಂಡವರು ಯಾರು? ಆ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಮನೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ನಡುರಾತ್ರಿ ದಾಟಿದ ಮೇಲೆ ಎದ್ದು, ಏನೋ ಸರಿಯಿಲ್ಲವೆಂದು ಅನುಮಾನಗೊಂಡು, ಮನೋವೈದ್ಯ ರಾಲ್ಫ್ ಗ್ರೀನ್‌ಸನ್ ಅವರನ್ನು ಕರೆಸಿದರು. ಆ ವೈದ್ಯರು ಕಿಟಕಿಯ ಗಾಜು ಒಡೆದು ಒಳಗೆ ಹೋದರು. ಆ ರಾತ್ರಿಯ ಬಗ್ಗೆ ನಮಗೆ ದಕ್ಕಿರುವುದು ಬಾಗಿಲಿನ ಹೊರಗಿದ್ದವರ ಹೇಳಿಕೆಗಳು ಮತ್ತು ಶವಪರೀಕ್ಷೆಯ ವರದಿ, ಅಷ್ಟೇ. ಲಾಸ್ ಏಂಜಲೀಸ್‌ನ ಅಧಿಕಾರಿಗಳು ಅದನ್ನು ‘ಬಹುಶಃ ಆತ್ಮಹತ್ಯೆ’ ಎಂದು ದಾಖಲಿಸಿದರು. 1982ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರಿ ಅಭಿಯೋಜಕರ) ಕಚೇರಿ ಇಡೀ ಪ್ರಕರಣವನ್ನು ಮತ್ತೆ ಪರಿಶೀಲಿಸಿ, ಕೊಲೆಯೆಂಬ ವಾದಕ್ಕೆ ನಂಬಬಹುದಾದ ಆಧಾರ ಸಿಗಲಿಲ್ಲವೆಂದು ಹೇಳಿತು. ಹೀಗಿರುವಾಗ ಅಧ್ಯಕ್ಷ ಜಾನ್ ಕೆನಡಿ ಮತ್ತು ಅವರ ತಮ್ಮ ರಾಬರ್ಟ್ ಅವರನ್ನು ಆ ಸಾವಿಗೆ ಜೋಡಿಸುವ ನಿಮ್ಮ ಎರಡು ಪುಟಗಳಿಗೆ ಯಾವ ನೆಲೆಯೂ ಇಲ್ಲ, ಅವನ್ನು ತೆಗೆದುಬಿಡಿ. ಜೊತೆಗೆ ಒಂದು ಸಣ್ಣ ತಿದ್ದುಪಡಿ: ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮನ್ರೋ ಶುಭಾಶಯದ ಹಾಡು ಹಾಡಿದ್ದು ಅಧ್ಯಕ್ಷರ ಹುಟ್ಟುಹಬ್ಬದ ದಿನವಲ್ಲ. ಹಾಡಿದ್ದು 1962ರ ಮೇ 19ರಂದು, ಕೆನಡಿ ಹುಟ್ಟಿದ ದಿನ ಮೇ 29.

ಮಾತ್ರೆಗಳ ಹೆಸರು ಮತ್ತು ಲೆಕ್ಕವನ್ನು ನೀವು ಬಹಳ ವಿವರವಾಗಿ ಬರೆದಿದ್ದೀರಿ. ಅದನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ನಾನು ಬೇಡವೆನ್ನುವುದು ನಿಯಮಕ್ಕೆ ಹೆದರಿ ಅಲ್ಲ. ಮನ್ರೋ ಅವರ ಸಾವಿನ ಸುದ್ದಿ ಪತ್ರಿಕೆಗಳ ಮುಖಪುಟ ತುಂಬಿದ ಆ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಆತ್ಮಹತ್ಯೆಗಳು ಸುಮಾರು ಶೇಕಡಾ 12ರಷ್ಟು ಹೆಚ್ಚಾದವೆಂದು ಸಮಾಜಶಾಸ್ತ್ರಜ್ಞರು ನಂತರ ಲೆಕ್ಕ ಹಾಕಿದ್ದಾರೆ. ನಮ್ಮ ಪತ್ರಿಕೆಯನ್ನು ಹಾಸ್ಟೆಲಿನ ಮಕ್ಕಳೂ ಓದುತ್ತಾರೆ.

ಈ ಬಗೆಯ ಕಥನ ನಿಮಗೆ ಎಲ್ಲಿಂದ ಬಂತೆಂಬುದು ನನಗೆ ಗೊತ್ತು, ಏಕೆಂದರೆ ನಾನೂ ಅದನ್ನು ಕೇಳುತ್ತಲೇ ಬೆಳೆದವನು. 1979ರ ಮೇ 12ರಂದು ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಮಿನುಗುತಾರೆ ಕಲ್ಪನಾ ತೀರಿಕೊಂಡಾಗ ಅವರಿಗೆ 35 ವರ್ಷ. ಅಂದಿನಿಂದ ನಮ್ಮ ಬಸ್ ನಿಲ್ದಾಣಗಳಲ್ಲಿ, ಹೋಟೆಲಿನ ಮೇಜುಗಳಲ್ಲಿ ವಜ್ರದ ಉಂಗುರದ ಕಥೆಯನ್ನು ಜನ ಕಣ್ಣಾರೆ ಕಂಡವರಂತೆ ಹೇಳುತ್ತ ಬಂದಿದ್ದಾರೆ. ಕಲ್ಪನಾ ಒಂದು ಪಾತ್ರಕ್ಕೆ ಹೇಗೆ ಸಿದ್ಧರಾಗುತ್ತಿದ್ದರು, ಆ ಕಡೆಯ ವರ್ಷಗಳಲ್ಲಿ ಸಿನಿಮಾ ಬಿಟ್ಟು ನಾಟಕ ಕಂಪನಿಯೊಡನೆ ಊರೂರು ಏಕೆ ತಿರುಗಿದರು ಎಂದು ಕೇಳಿದರೆ ಅದೇ ಜನ ಸುಮ್ಮನಾಗುತ್ತಾರೆ. ನೀವು ಹೆಸರು ಮತ್ತು ದೇಶವನ್ನು ಬದಲಿಸಿ ಅದೇ ಧಾಟಿಯಲ್ಲಿ ಬರೆದಿದ್ದೀರಿ.

ಈಗ ಮುಖ್ಯ ತಪ್ಪಿಗೆ ಬರುತ್ತೇನೆ. ಮನ್ರೋ ಯಾರಿಗೂ ಬೇಡವಾಗಿದ್ದರು ಎಂಬ ಒಂದೇ ಕಂಬದ ಮೇಲೆ ನಿಮ್ಮ ಲೇಖನ ನಿಂತಿದೆ. ಆ ವರ್ಷದ ಸಂಗತಿಗಳನ್ನು ಜೋಡಿಸಿ ನೋಡಿದರೆ ಆ ಕಂಬವೇ ನಿಲ್ಲುವುದಿಲ್ಲ. 1961ರಲ್ಲಿ ಪತಿ, ನಾಟಕಕಾರ ಆರ್ಥರ್ ಮಿಲ್ಲರ್ ಅವರಿಂದ ವಿಚ್ಛೇದನ, ನ್ಯೂಯಾರ್ಕ್‌ನ ಮನೋರೋಗ ಆಸ್ಪತ್ರೆಯೊಂದರಲ್ಲಿ ಬೀಗ ಹಾಕಿದ ಕೋಣೆಯ ವಾಸ, ಶಸ್ತ್ರಚಿಕಿತ್ಸೆಗಳು, ನಿದ್ದೆಮಾತ್ರೆಗಳ ಹಳೆಯ ಅವಲಂಬನೆ, ಇವೆಲ್ಲ ನಿಜ. ಆದರೆ 1962ರ ಏಪ್ರಿಲ್‌ನಲ್ಲಿ ಅವರು ‘ಸಂಥಿಂಗ್ಸ್ ಗಾಟ್ ಟು ಗಿವ್’ ಚಿತ್ರದ ನಾಯಕಿಯಾಗಿದ್ದರು. ನಿರ್ದೇಶಕ ಜಾರ್ಜ್ ಕ್ಯೂಕರ್, ನಾಯಕ ಡೀನ್ ಮಾರ್ಟಿನ್, ನಿರ್ಮಾಣ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ್ದು. ಸೈನಸ್ ಸೋಂಕು ಮತ್ತು ಜ್ವರದಿಂದ ಅವರು ದಿನಗಟ್ಟಲೆ ಚಿತ್ರೀಕರಣಕ್ಕೆ ಬರಲಾಗಲಿಲ್ಲ. ಅದೇ ಹೊತ್ತಿಗೆ ಆ ಸ್ಟುಡಿಯೋ ರೋಮ್‌ನಲ್ಲಿ ‘ಕ್ಲಿಯೋಪಾತ್ರ’ ತೆಗೆಯುತ್ತ ಹಣವನ್ನು ನೀರಿನಂತೆ ಸುರಿಯುತ್ತಿತ್ತು. ಅಲ್ಲಿ ಎಲಿಜಬೆತ್ ಟೇಲರ್ ಅವರ ಸಂಭಾವನೆ ಹತ್ತು ಲಕ್ಷ ಡಾಲರ್. ಹಳೆಯ ಕರಾರಿಗೆ ಕಟ್ಟುಬಿದ್ದಿದ್ದ ಮನ್ರೋ ಅವರಿಗೆ ಒಂದು ಲಕ್ಷ. ಜೂನ್ 1ರಂದು ಸೆಟ್ಟಿನಲ್ಲೇ ಕೇಕ್ ತರಿಸಿ ಅವರ 36ನೆಯ ಹುಟ್ಟುಹಬ್ಬ ಆಚರಿಸಲಾಯಿತು. ಒಂದೇ ವಾರದಲ್ಲಿ ಸ್ಟುಡಿಯೋ ಅವರನ್ನು ಕೆಲಸದಿಂದ ತೆಗೆದು, ನಷ್ಟ ತುಂಬಿಕೊಡುವಂತೆ ದಾವೆ ಹೂಡಿತು. ಅವರ ಜಾಗಕ್ಕೆ ಬೇರೆ ನಟಿಯನ್ನು ತಂದಾಗ ಡೀನ್ ಮಾರ್ಟಿನ್ ತಾನು ನಟಿಸುವುದಿಲ್ಲವೆಂದು ಪಟ್ಟು ಹಿಡಿದರು. ಆ ಬೇಸಿಗೆ ಮುಗಿಯುವ ಮುನ್ನ ಅದೇ ಸ್ಟುಡಿಯೋ ಮನ್ರೋ ಅವರನ್ನು ಮತ್ತೆ ಕರೆತರಲು ಮಾತುಕತೆ ನಡೆಸುತ್ತಿತ್ತು. ಈ ನಡುವೆ ಅವರು ‘ವೋಗ್’ ಪತ್ರಿಕೆಗಾಗಿ ಬರ್ಟ್ ಸ್ಟರ್ನ್ ಅವರ ಕ್ಯಾಮೆರಾದ ಮುಂದೆ ಕುಳಿತರು, ಸಾಂಟಾ ಮೋನಿಕಾದ ಕಡಲತೀರದಲ್ಲಿ ಇನ್ನೊಬ್ಬ ಛಾಯಾಗ್ರಾಹಕರೊಡನೆ ಕೆಲಸ ಮಾಡಿದರು, ‘ಲೈಫ್’ ಪತ್ರಿಕೆಯ ರಿಚರ್ಡ್ ಮೆರಿಮನ್ ಅವರಿಗೆ ದೀರ್ಘ ಸಂದರ್ಶನ ಕೊಟ್ಟರು. ಇದನ್ನೆಲ್ಲ ನೀವು ಒಂದು ಪ್ಯಾರಾದಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ಲೇಖನ ಇರಬೇಕಾದದ್ದೇ ಇಲ್ಲಿ: ನೊಂದ ಹೆಂಗಸೊಬ್ಬರು ತಮ್ಮ ಕಸುಬನ್ನು ಕೈಬಿಡದೆ ಮಾಲೀಕರೊಡನೆ ಜಗ್ಗಾಡುತ್ತಿದ್ದ ತಿಂಗಳುಗಳಲ್ಲಿ.

‘ಅಮೆರಿಕವನ್ನೇ ನೋಡದ ನಾನು ಇದನ್ನು ಹೇಗೆ ಬರೆಯಲಿ’ ಎಂದು ನಿಮ್ಮ ಪತ್ರದಲ್ಲಿ ಅಳುಕು ತೋಡಿಕೊಂಡಿದ್ದೀರಿ. ಕಾಯಿಲೆ ಎಂದ ನಟಿಯ ಮಾತನ್ನು ಮಾಲೀಕ ನಂಬದಿದ್ದರೆ ಏನಾಗುತ್ತದೆಂಬುದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ದುಗ್ಗಮ್ಮನ ಜಾತ್ರೆಗೆಂದು ನಾಟಕ ಕಂಪನಿಯೊಂದು ನಮ್ಮ ಊರಿನಲ್ಲಿ ಕ್ಯಾಂಪ್ ಮಾಡಿತ್ತು. ನಮ್ಮ ಮನೆಯಿಂದ ಅವರಿಗೆ ಹಾಲು ಹೋಗುತ್ತಿದ್ದುದರಿಂದ ತಗಡಿನ ಥಿಯೇಟರಿನ ಹಿಂಭಾಗಕ್ಕೆ ನನಗೆ ಪ್ರವೇಶವಿತ್ತು. ಒಂದು ಸಂಜೆ ನಾಯಕಿ ಪಾತ್ರದ ಕಲಾವಿದೆ ಕಂಬಳಿ ಹೊದ್ದು ಕಬ್ಬಿಣದ ಟ್ರಂಕಿನ ಮೇಲೆ ಕುಳಿತಿದ್ದರು. ಹಾಲಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ಮ್ಯಾನೇಜರು ಪರದೆಯ ಆಚೆಯಿಂದಲೇ ‘ದಿನಾ ಇದ್ದದ್ದೇ ಇವರ ನಾಟಕ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಕೆ ಏನೂ ಮಾತಾಡದೆ ಲೋಟ ಕೆಳಗಿಟ್ಟು, ಕನ್ನಡಿ ಹತ್ತಿರಕ್ಕೆ ಎಳೆದುಕೊಂಡು ಬಣ್ಣ ಹಚ್ಚತೊಡಗಿದರು. ಬೆವರಿಗೆ ಬಣ್ಣ ನಿಲ್ಲುತ್ತಿರಲಿಲ್ಲ. ಒರೆಸಿ ಮತ್ತೆ ಹಚ್ಚಿದರು. ಆ ರಾತ್ರಿ ಎರಡು ಆಟಗಳೂ ನಡೆದವು. ದಾವಣಗೆರೆ, ಚಿಂದೋಡಿ ಮನೆತನದಂಥ ರಂಗಕುಟುಂಬವನ್ನು ಕಂಡ ಊರು. ಕಂಪನಿಗಳಲ್ಲಿ ದುಡಿದ ಹಿರಿಯ ಕಲಾವಿದೆಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಬಳಿ ಹೋಗಿ ಕುಳಿತು, ಮೈಯಲ್ಲಿ ಹುಷಾರಿಲ್ಲದ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಅದಾದ ಮೇಲೆ ಫಾಕ್ಸ್ ಸ್ಟುಡಿಯೋದ ಆ ಏಪ್ರಿಲ್ ಮತ್ತು ಮೇ ತಿಂಗಳುಗಳು ನಿಮಗೆ ಬೇರೆಯಾಗಿ ಕಾಣುತ್ತವೆ.

ಭಾಷೆಯ ವಿಷಯದಲ್ಲಿ ನನಗೆ ನಿಜವಾಗಿ ನೋವಾದ ಒಂದು ಅಂಶವಿದೆ. ನಿಮ್ಮ ಲೇಖನದಲ್ಲಿ ಸ್ಟುಡಿಯೋದ ಅಧಿಕಾರಿಗಳು ‘ಹೇಳಿದರು’, ವೈದ್ಯರು ‘ಬಂದರು’, ಅಧ್ಯಕ್ಷರು ‘ನಕ್ಕರು’. ಮನ್ರೋ ಮಾತ್ರ ಮೊದಲಿನಿಂದ ಕೊನೆಯವರೆಗೂ ‘ಅವಳು’, ‘ಬಂದಳು’, ‘ಅತ್ತಳು’. ನೀವು ಬೇಕೆಂದು ಹೀಗೆ ಮಾಡಿಲ್ಲವೆಂದು ಬಲ್ಲೆ. ಸಿನಿಮಾ ನಟಿಯರ ಬಗ್ಗೆ ಬರೆಯುವಾಗ ಕೈಗೆ ಬಂದುಬಿಟ್ಟಿರುವ ರೂಢಿ ಅದು. ಆತ್ಮೀಯತೆಗಾಗಿ ಏಕವಚನ ಬಳಸಿದ್ದರೆ ಎಲ್ಲರಿಗೂ ಅದೇ ಅಳತೆ ಇರಬೇಕಿತ್ತು. ‘ಮಾದಕ’ ಎಂಬ ವಿಶೇಷಣವನ್ನೂ ಬರುವಲ್ಲೆಲ್ಲ ಹೊಡೆದುಹಾಕಿದ್ದೇನೆ. ಲೈಫ್ ಸಂದರ್ಶನದಲ್ಲಿ ಅವರೇ ಹೇಳಿದ ಮಾತಿನ ತಾತ್ಪರ್ಯವೆಂದರೆ, ಲೈಂಗಿಕ ಆಕರ್ಷಣೆಯ ಸಂಕೇತವಾದವರು ಕೊನೆಗೆ ಒಂದು ವಸ್ತುವಾಗಿಬಿಡುತ್ತಾರೆ, ವಸ್ತುವಾಗಿರುವುದು ತನಗೆ ಸ್ವಲ್ಪವೂ ಇಷ್ಟವಿಲ್ಲ ಎಂದು.

ಇನ್ನು ಮೂರನೆಯ ಪುಟ. ಆ ವರ್ಷದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಬ್ರೆಂಟ್‌ವುಡ್‌ನಲ್ಲಿ ಮನ್ರೋ ಕೊಂಡ ಮನೆಯನ್ನು ನೀವು ಅಲ್ಲಿ ವರ್ಣಿಸಿದ್ದೀರಿ. ಬಾಲ್ಯವನ್ನು ಸಾಕುಮನೆಗಳಲ್ಲಿ, ಅನಾಥಾಲಯದಲ್ಲಿ ಕಳೆದ ಹೆಣ್ಣುಮಗಳು 35 ದಾಟಿದ ಮೇಲೆ ಒಂಟಿಯಾಗಿ ಕೊಂಡ ಮೊದಲ ಮನೆ. ಅದಕ್ಕೆ ಬೇಕಾದ ಪೀಠೋಪಕರಣಗಳನ್ನು ಆರಿಸಲು ಮೆಕ್ಸಿಕೋಗೆ ಹೋಗಿಬಂದದ್ದು. ಅರ್ಧ ಬರಿದಾದ ಕೋಣೆಗಳು. ಒಂದೂ ಉದ್ಗಾರವಿಲ್ಲದೆ ಬರೆದಿದ್ದೀರಿ. ‘ಮನೆಗೆ ಇನ್ನೂ ಮನೆಯ ವಾಸನೆ ಬಂದಿರಲಿಲ್ಲ’ ಎಂಬ ಸಾಲನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಇಂಥ ಸಾಲು ಬರೆಯಬಲ್ಲವರಿಗೆ ಕನ್ನಡಿಯ ಮುಂದಿನ ಆ ನಗೆ ಬೇಕಿರಲಿಲ್ಲ.

ಅದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಿ. ಅವರು ತೀರಿಕೊಳ್ಳುವ ಹಿಂದಿನ ದಿನ, ಆಗಸ್ಟ್ 3ರ ದಿನಾಂಕದೊಂದಿಗೆ ಹೊರಬಂದ ಆ ಲೈಫ್ ಸಂಚಿಕೆಗೆ ಮನ್ರೋ ತಮ್ಮ ಮನೆಯ ಚಿತ್ರಗಳನ್ನು ತೆಗೆಯಲು ಒಪ್ಪಿರಲಿಲ್ಲ. ತಾನು ಎಲ್ಲಿ ಬದುಕುತ್ತೇನೆ, ತನ್ನ ಸೋಫಾ ಹೇಗಿದೆ, ಬೆಂಕಿಗೂಡು ಹೇಗಿದೆ ಎಂಬುದನ್ನು ಎಲ್ಲರೂ ನೋಡುವುದು ತನಗೆ ಬೇಡವೆಂದು ಅವರು ಹೇಳಿದ್ದರು. ಎರಡೇ ದಿನಗಳಲ್ಲಿ ಛಾಯಾಗ್ರಾಹಕರು ಅವರ ಮಲಗುವ ಕೋಣೆಯ ಒಡೆದ ಕಿಟಕಿಯ ಮುಂದೆ ನಿಂತಿದ್ದರು. ನಿಮ್ಮ ಏಳು ಪುಟಗಳೂ ಅದೇ ಕಿಟಕಿಯಿಂದ ಒಳಗೆ ಇಣುಕುತ್ತಿವೆ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಮೂರನೆಯ ಪುಟದಲ್ಲಿ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಅದನ್ನು ಮೊದಲನೆಯ ಪುಟವಾಗಿಸಿ, ಏಪ್ರಿಲ್‌ನಿಂದ ಆಗಸ್ಟ್ 3ರವರೆಗೆ ಬರೆದು ಕಳುಹಿಸಿ, ಓದಲು ಕಾದಿರುತ್ತೇನೆ.

ಇಂತಿ,
ಸಂಪಾದಕ