ಬಾಂಬ್ ಹುಡುಕುವ ನಾಯಿ ಬೊಗಳುವುದಿಲ್ಲವೇಕೆ?

ಪ್ರಶ್ನೆ: ರೈಲು ನಿಲ್ದಾಣದಲ್ಲಿ ಚೀಲಗಳನ್ನು ಮೂಸುತ್ತ ಬಂದ ಶ್ವಾನದಳದ ನಾಯಿ ಒಂದು ಚೀಲದ ಮುಂದೆ ಸದ್ದಿಲ್ಲದೆ ಕುಳಿತುಬಿಟ್ಟಿತು. ನಮಗೆಲ್ಲ ಎದೆ ಝಲ್ಲೆಂದಿತು. ಸಿಬ್ಬಂದಿ ಮಾತ್ರ ನಗುತ್ತ ಅದಕ್ಕೊಂದು ಚೆಂಡು ಎಸೆದರು. ಚೀಲ ಅವರದ್ದೇ ಆಗಿತ್ತು! ಬಾಂಬ್ ಎಂದರೇನೆಂದು ನಾಯಿಗೆ ಗೊತ್ತಿರುತ್ತದೆಯೇ? ಅದು ಬೊಗಳುವುದಿಲ್ಲವೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗೊತ್ತಿರುವುದಿಲ್ಲ. ನಾಯಿಗೆ ಬೇಕಾಗಿರುವುದು ಚೆಂಡು. ಸಾಲಾಗಿಟ್ಟ ಡಬ್ಬಿಗಳ ಪೈಕಿ ಒಂದರಲ್ಲಿ ಮಾತ್ರ ಸ್ಫೋಟಕದ ಮಾದರಿ ಇಟ್ಟು, ನಾಯಿ ಅದನ್ನು ಮೂಸಿ ಕುಳಿತ ಕೂಡಲೇ ಚೆಂಡು ಕೊಡುತ್ತ ಹೋದರೆ, ಈ ವಾಸನೆ ಇರುವಲ್ಲಿ ಕುಳಿತರೆ ಆಟ ಸಿಗುತ್ತದೆ ಎಂಬುದು ಅದಕ್ಕೆ ಮನದಟ್ಟಾಗುತ್ತದೆ. ಬೊಗಳಿ, ಪಂಜದಿಂದ ಕೆರೆದರೆ ಸ್ಫೋಟಕ ಅಲುಗಾಡಿ ಸಿಡಿಯುವ ಅಪಾಯವಿದೆ. ಆದ್ದರಿಂದಲೇ ಈ ಮೌನ. ಬೆಂಗಳೂರಿನ ಬಳಿ ತರಳುವಿನಲ್ಲಿರುವ ಸಿಆರ್‌ಪಿಎಫ್ ಶ್ವಾನ ತರಬೇತಿ ಶಾಲೆ ಬೆಲ್ಜಿಯನ್ ಮ್ಯಾಲಿನ್ವಾ ತಳಿಯ ನಾಯಿಗಳಿಗೆ ಹೆಸರಾಗಿದೆ. ಆದರೂ ನನ್ನ ಮಟ್ಟಿಗೆ ತಳಿಗಿಂತ ಚೆಂಡಿನ ಹುಚ್ಚೇ ದೊಡ್ಡ ಅರ್ಹತೆ.

ಕಷ್ಟವಿರುವುದು ಖಾಲಿ ಡಬ್ಬಿಗಳಲ್ಲಿ. ಮಾದರಿಯ ಡಬ್ಬಿಯನ್ನು ಮಾತ್ರ ಕೈಗವಸು ಹಾಕಿಕೊಂಡು ಮುಟ್ಟಿದರೆ ಜಾಣ ನಾಯಿ ಕೈಗವಸಿನ ವಾಸನೆಯನ್ನೇ ಕಲಿತುಬಿಡುತ್ತದೆ. ಆದ್ದರಿಂದ ಉಳಿದ ಡಬ್ಬಿಗಳಿಗೂ ಅದೇ ಕೈಗವಸು, ಅದೇ ಪ್ಲಾಸ್ಟಿಕ್ ಹಾಕಬೇಕು. 1993ರ ಮುಂಬೈ ಸರಣಿ ಸ್ಫೋಟದ ಸಂದರ್ಭದಲ್ಲಿ ಜಂಜೀರ್ ಎಂಬ ಪೊಲೀಸ್ ನಾಯಿ ಪತ್ತೆಹಚ್ಚಿ ಹೆಸರಾಯಿತಲ್ಲ, ಆ ಆರ್‌ಡಿಎಕ್ಸ್ ಎಂಬ ಸ್ಫೋಟಕ ಆವಿಯಾಗುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಬೆರೆಸಿದ, ಕಣಕದಂತೆ ಮೆತ್ತಗಿರುವ ‘ಪ್ಲಾಸ್ಟಿಕ್ ಸ್ಫೋಟಕ’ಗಳಲ್ಲಿ ನಾಯಿಯ ಮೂಗಿಗೆ ಸಿಗುವುದು ಹಲವು ಸಲ ತಯಾರಿಕೆಯಲ್ಲಿ ಉಳಿದ ದ್ರಾವಕದ ವಾಸನೆ. ಮಾದರಿಗಳನ್ನು ಒಟ್ಟಿಗೆ ಇಟ್ಟರೆ ಹೆಚ್ಚು ಆವಿಯಾಗುವ ಸ್ಫೋಟಕದ ವಾಸನೆ ಉಳಿದವಕ್ಕೂ ಅಂಟುತ್ತದೆ, ಕಲಿತದ್ದೆಲ್ಲ ಕಲಸುಮೇಲೋಗರವಾಗುತ್ತದೆ.

ನಾಯಿಯನ್ನು ನಡೆಸುವ ಹ್ಯಾಂಡ್ಲರ್‌ನಿಂದಲೂ ಎಡವಟ್ಟಾಗುವುದುಂಟು. ಮಾದರಿ ಎಲ್ಲಿದೆಯೆಂದು ಬಲ್ಲವನ ಹೆಜ್ಜೆ ಅಲ್ಲಿ ತುಸು ನಿಧಾನವಾದರೂ ಸಾಕು, ಹಗ್ಗದ ಇನ್ನೊಂದು ತುದಿಯಲ್ಲಿರುವ ನಾಯಿ ಅದನ್ನು ಓದಿಕೊಂಡು ಕುಳಿತುಬಿಡುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಮಾದರಿಯ ಜಾಗ ಅವನಿಗೂ ತಿಳಿಯಬಾರದು.

ಇನ್ನು ನೀವು ಕಂಡ ಚೀಲದ ಮಾತು. ನಿಲ್ದಾಣದಲ್ಲಿ ದಿನಗಟ್ಟಲೆ ಹುಡುಕಿದರೂ ಸ್ಫೋಟಕ ಸಿಗುವುದಿಲ್ಲ, ಸಿಗಲೂಬಾರದು. ಆದರೆ ಚೆಂಡು ಸಿಗದ ನಾಯಿ ಬೇಸತ್ತು ಮೂಸುವುದನ್ನೇ ಸಡಿಲಿಸುತ್ತದೆ. ಅದರ ಆಸೆ ಬತ್ತದಿರಲೆಂದು ಸಿಬ್ಬಂದಿಯೇ ಆಗಾಗ ಮಾದರಿ ಬಚ್ಚಿಟ್ಟು ಅದನ್ನು ಗೆಲ್ಲಿಸುತ್ತಾರೆ. ನೀವು ನೋಡಿದ್ದು ಬಹುಶಃ ಅಂಥದ್ದೇ ಒಂದು ಗೆಲುವು.