ಡೆಕಾಲ್ ಸುತ್ತ ಬೆಳ್ಳಗಿನ ಹೊಳಪು ಏಕೆ ಬರುತ್ತದೆ? ಏರ್‌ಬ್ರಷ್ ಕೊಂಡರೆ ಸರಿಹೋಗುತ್ತದೆಯೇ?

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆಂದು ಎತ್ತಿಟ್ಟ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ನೀವು ಮಿಗ್-21 ಯುದ್ಧವಿಮಾನದ 1/72 ಅಳತೆಯ (ನಿಜವಾದದ್ದರ ಎಪ್ಪತ್ತೆರಡನೇ ಒಂದು ಭಾಗದಷ್ಟು) ಪ್ಲಾಸ್ಟಿಕ್ ಮಾದರಿ ಕಟ್ಟಿ, ಕುಂಚದಿಂದ ಮ್ಯಾಟ್ ಬಣ್ಣ ಬಳಿದು, ಒಣಗಿದ ಕೂಡಲೇ ಅದರ ಮೇಲೆ ಡೆಕಾಲ್, ಅಂದರೆ ನೀರಿನಲ್ಲಿ ಅದ್ದಿ ಕೂರಿಸುವ ತೆಳು ಪೊರೆಯ ಚಿತ್ರ, ಅಂಟಿಸಿದ್ದೀರಿ. ಈಗ ವಾಯುಪಡೆಯ ವೃತ್ತಲಾಂಛನದ ಸುತ್ತ ಬೆಳ್ಳಗೆ ಮಿನುಗುವ ಅಂಚು ಎದ್ದಿದೆ. ಡೆಕಾಲ್ ಹಳೆಯದಿರಬೇಕು, ಇಲ್ಲವೇ ಏರ್‌ಬ್ರಷ್ ಇಲ್ಲದ್ದೇ ಕಾರಣವಿರಬೇಕು ಎಂಬುದು ನಿಮ್ಮ ಅನುಮಾನ. ಎರಡೂ ಅಲ್ಲ. ದೋಷ ಇರುವುದು ಡೆಕಾಲಿನ ಕೆಳಗೆ.

ಮ್ಯಾಟ್ ಬಣ್ಣ ಮಂಕಾಗಿ ಕಾಣುವುದೇ ಅದರ ಮೈ ತರಿತರಿಯಾಗಿರುವುದರಿಂದ. ಆ ತರಿಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಡೆಕಾಲಿನ ತೆಳು ಪೊರೆ ಅವುಗಳ ನೆತ್ತಿಗಷ್ಟೇ ಅಂಟಿಕೊಳ್ಳುತ್ತದೆ; ತಗ್ಗುಗಳಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಬಣ್ಣ ಅಚ್ಚಾಗಿರುವ ಕಡೆ ಇದು ಗೊತ್ತಾಗುವುದಿಲ್ಲ. ಅಂಚಿನ ಪಾರದರ್ಶಕ ಭಾಗದಲ್ಲಿ ಮಾತ್ರ ಆ ಗಾಳಿಯ ಪದರ ಬೆಳಕನ್ನು ಹಿಂದಕ್ಕೆಸೆದು ಹೊಳೆಯುತ್ತದೆ. ಆದ್ದರಿಂದ ಬಣ್ಣದ ಮೇಲೆ ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಕೊನೆಗೆ ಎಲ್ಲವನ್ನೂ ಮುಚ್ಚುವ ಮ್ಯಾಟ್ ವಾರ್ನಿಷ್. ವಿಮಾನ ಕೊನೆಗೆ ಮಂಕಾಗಿಯೇ ಕಾಣಬೇಕಾದರೂ ನಡುವೆ ಒಮ್ಮೆ ಅದು ಆಟಿಕೆಯಂತೆ ಮಿರಿಮಿರಿ ಮಿಂಚಲೇಬೇಕು. ಹೊಸಬರು ಬಿಟ್ಟುಬಿಡುವ ಹಂತ ಇದೇ. ಕಿಟ್‌ನೊಳಗಿನ ಸೂಚನಾಪತ್ರಗಳೂ ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ, ಅದರ ಬಗ್ಗೆ ನನಗೆ ಹಳೆಯ ಸಿಟ್ಟಿದೆ.

ಕುಂಚದಿಂದಲೇ ಬಳಿಯುವುದಾದರೆ ವಲ್ಲೆಹೊದಂಥ ನೀರಿನ ಆಧಾರದ ಹೊಳಪಿನ ವಾರ್ನಿಷ್ ತಂದು, ಅಗಲವಾದ ಮೆತ್ತನೆಯ ಕುಂಚದಲ್ಲಿ ಎರಡು ತೆಳು ಪದರ ಕೊಡಿ. ಟಮಿಯಾ ಕಂಪನಿಯ ಹೊಳಪಿನ ವಾರ್ನಿಷ್ ಎಕ್ಸ್-22 ಕೂಡ ಒಳ್ಳೆಯದೇ, ಆದರೆ ಸಿಂಪಡಿಸಿದರೆ ಮಾತ್ರ. ಟಮಿಯಾ ಅಕ್ರಿಲಿಕ್ ಬಣ್ಣದ ಮೇಲೆ ಅದನ್ನು ಕುಂಚದಲ್ಲಿ ಎಳೆದರೆ ಕೆಳಗಿನ ಪದರ ಕರಗಿ ಎದ್ದುಬರುತ್ತದೆ.

ಈಗ ಡೆಕಾಲ್. ಪೊರೆಯನ್ನು ಅಚ್ಚಿನ ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆದು, ಟಿಶ್ಯೂ ಕಾಗದದ ಮೇಲೆ ಇಡಿ. ನೀರಿನಲ್ಲೇ ತೇಲಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಒಂದು ನಿಮಿಷದಲ್ಲಿ ಚಿತ್ರ ಕಾಗದದ ಮೇಲೆ ಜಾರಲು ಶುರುವಾಗುತ್ತದೆ. ರೆಕ್ಕೆಯ ಮೇಲೆ ಡೆಕಾಲ್ ಚೆನ್ನಾಗಿ ಅಂಟಲು ನೆರವಾಗುವ ಮೈಕ್ರೊ ಸೆಟ್ ಎಂಬ ದ್ರವ ಹಚ್ಚಿ, ಒದ್ದೆ ಕುಂಚದಿಂದ ಡೆಕಾಲನ್ನು ಅದರ ಮೇಲೆ ಜಾರಿಸಿ, ಜಾಗ ಹೊಂದಿಸಿ, ನಡುವಿನಿಂದ ಅಂಚಿನ ಕಡೆಗೆ ನೀರನ್ನು ಒತ್ತಿ ತೆಗೆಯಿರಿ. ಆಮೇಲೆ ಮೈಕ್ರೊ ಸಾಲ್. ಇದು ಪೊರೆಯನ್ನೇ ಮೆದುಗೊಳಿಸುವ ದ್ರವ. ಹಚ್ಚಿದ ಸ್ವಲ್ಪ ಹೊತ್ತಿಗೆ ಲಾಂಛನವೆಲ್ಲ ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತದೆ, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಬೆರಳು ತಾಗಿಸಬೇಡಿ, ಕುಂಚವನ್ನೂ ತಾಗಿಸಬೇಡಿ. ತಾಗಿಸಿದರೆ ಹರಿಯಿತೆಂದೇ ಲೆಕ್ಕ. ಒಣಗುತ್ತಾ ಹೋದಂತೆ ಅದು ತಾನಾಗಿಯೇ ಇಳಿದು ಪ್ಯಾನೆಲ್ ಗೆರೆಗಳೊಳಕ್ಕೆ (ವಿಮಾನದ ಲೋಹದ ಹಾಳೆಗಳು ಸೇರುವ ಕಡೆಯ ಸಣ್ಣ ಗೀರುಗಳು) ಕೂರುತ್ತದೆ.

ಈಗಾಗಲೇ ಅಂಟಿಸಿರುವುದನ್ನು ಕೀಳಬೇಡಿ. ಮಿನುಗುವ ಜಾಗದಲ್ಲಿ ಹೊಸ ಬ್ಲೇಡಿನ ತುದಿಯಿಂದಲೋ ಸೂಜಿಯಿಂದಲೋ ಅಲ್ಲಲ್ಲಿ ಚುಚ್ಚಿ, ಮೈಕ್ರೊ ಸಾಲ್ ಬಿಡಿ. ದ್ರವ ಒಳಗಿಳಿದು ಗಾಳಿಯನ್ನು ಹೊರದೂಡುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಪೂರ್ತಿ ಹೋಗದಿದ್ದರೂ ಒಂದು ಮಾರು ದೂರದಿಂದ ಕಾಣುವುದಿಲ್ಲ.

ಕುಂಚದ ಗೆರೆಗಳ ಬಗ್ಗೆಯೂ ಕೇಳಿದ್ದೀರಿ. 1/72ರಲ್ಲಿ ಮಿಗ್-21 ಸುಮಾರು ಒಂದು ಗೇಣು ಉದ್ದ. ಈ ಅಳತೆಯಲ್ಲಿ ಬಣ್ಣ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಾದರೂ ನಿಜವಾದ ವಿಮಾನಕ್ಕೆ ಅದು ಏಳು ಮಿಲಿಮೀಟರಿಗೂ ಮಿಕ್ಕಿದ ಲೇಪ. ಅಷ್ಟು ಬಣ್ಣ ಹೊತ್ತು ಯಾವ ಮಿಗ್ ಕೂಡ ಹಾರುವುದಿಲ್ಲ. ಬಣ್ಣವನ್ನು ಹಾಲಿನ ಹದಕ್ಕೆ ತೆಳುವಾಗಿಸಿ, ಮೊದಲ ಪದರದಲ್ಲಿ ಪ್ಲಾಸ್ಟಿಕ್ ಕಂಡರೂ ಕಾಣಲಿ ಎಂದು ಬಿಟ್ಟು, ಒಣಗಿದ ಮೇಲೆ ಮುಂದಿನ ಪದರ ಕೊಡಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮುಚ್ಚುತ್ತದೆ. ಕೆಳಗೆ ಬೂದು ಪ್ರೈಮರ್ ಇದ್ದರೆ ಇನ್ನೂ ಸುಲಭ, ಜೋಡಣೆಯ ಬಿರುಕೂ ಉಪ್ಪುಕಾಗದದ ಗೀರೂ ಅದರಲ್ಲಿ ಮೊದಲೇ ಬಯಲಾಗುತ್ತವೆ.

ಇನ್ನು, ನೀವಿರುವುದು ಮಂಗಳೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮ್ಯಾಟ್ ಸ್ಪ್ರೇ ಡಬ್ಬಿಯನ್ನು ಮುಟ್ಟುವ ಮುನ್ನ ಕಿಟಕಿಯಾಚೆ ನೋಡಿ. ದ್ರಾವಕ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಮಾದರಿಗೆಲ್ಲ ಬೂಷ್ಟು ಹಿಡಿದಂತೆ ಬಿಳಿ ಮಬ್ಬು ಕವಿಯುತ್ತದೆ. ಹಾಗಾದರೆ ಒಣಹವೆಯ ದಿನ ಹೊಳಪಿನ ವಾರ್ನಿಷ್‌ನ ತೆಳು ಪದರ ಕೊಟ್ಟರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಮುಂದೆ ಏರ್‌ಬ್ರಷ್ ಕೊಂಡಾಗಲೂ ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು. ಸಾಧಾರಣ ಕೆಲಸಕ್ಕೆ 0.3 ಮಿಲಿಮೀಟರಿನ ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ ಸಾಕು. ಬಟ್ಟೆಯ ಮುಖಗವಸು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವುದನ್ನೇ ಹಾಕಿಕೊಳ್ಳಿ. ಪಕ್ಕದ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ಅದು ಆರುವವರೆಗೆ ಕಾಯಿರಿ.

ಬಣ್ಣ ಯಾವುದು ಸರಿ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 1963ರಲ್ಲಿ ವಾಯುಪಡೆಗೆ ಬಂದು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ವಿಮಾನವಿದು. ಬರಿ ಲೋಹದ ಮೈ, ಹಸಿರು-ಕಂದು ಮರೆಬಣ್ಣ, ನವೀಕರಿಸಿದ ಮಾದರಿಯಾದ ಬೈಸನ್‌ನ ಬೂದು ಎಲ್ಲವನ್ನೂ ಕಂಡಿದೆ. ಒಂದೇ ವಿಮಾನದ ಒಂದೇ ಕಾಲದ ಚಿತ್ರ ಹುಡುಕಿ ಅದನ್ನೇ ಹಿಡಿದುಕೊಳ್ಳಿ. ಲೋಹದ ಮೈ ಬೇಕಿದ್ದರೆ ಕೆಳಗೆ ಹೊಳಪಿನ ಕಪ್ಪು ಬಣ್ಣ ಬೇಕು, ಮೇಲೆ ಮ್ಯಾಟ್ ಬೇಡ. ಪ್ಯಾನೆಲ್ ಗೆರೆಗಳಿಗೆ ಕಪ್ಪು ತುಂಬುವ ಈಗಿನ ಖಯಾಲಿ ಮಾತ್ರ ನನಗೆ ಹಿಡಿಸುವುದಿಲ್ಲ. ಬೆಂಗಳೂರಿಗೆ ಬಂದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಮಾರುತ್ ಯುದ್ಧವಿಮಾನವನ್ನು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಗೆರೆಗಳು ಎಷ್ಟು ಕಾಣುತ್ತವೋ ಅಷ್ಟೇ ನಿಮ್ಮ ಮಾದರಿಯಲ್ಲೂ ಇರಲಿ, ಕಡುಬೂದು ಸಾಕು.

ಮುಂದೆ ಕಟ್ಟಲಿರುವ 1/24ರ ಕೆಂಪು ಪ್ಲಾಸ್ಟಿಕ್ಕಿನ ಕಾರಿಗೆ ಬಿಳಿ ಬಳಿಯುತ್ತೇನೆ ಎಂದಿದ್ದೀರಿ. ನೇರವಾಗಿ ಬಳಿದರೆ ಕೆಂಪು ಮೇಲೆದ್ದು ಕಾರು ಗುಲಾಬಿಯಾಗಬಹುದು. ಪ್ರೈಮರ್ ಆದ ಮೇಲೆ ಬೆಳ್ಳಿ ಬಣ್ಣದ ಒಂದು ಪದರ ಕೊಟ್ಟು ತಡೆಯಿರಿ. ಕಾರಿಗೆ ಕೊನೆಯಲ್ಲಿ ಮ್ಯಾಟ್ ಇಲ್ಲ. ಡೆಕಾಲಿನ ಮೇಲೆ ಹೊಳಪಿನ ವಾರ್ನಿಷ್, ಅದು ಗಟ್ಟಿಯಾದ ಮೇಲೆ 2000 ನಂಬರಿನ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ ಪಾಲಿಶ್. ಬಾಗಿಲು, ಬಾನೆಟ್ಟಿನ ಏಣುಗಳಲ್ಲಿ ಕೈ ಹಗುರವಾಗಿರಲಿ, ಬಣ್ಣ ಮೊದಲು ಸವೆಯುವುದು ಅಲ್ಲೇ. ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ಮೂಗಿನ ಹತ್ತಿರ ಹಿಡಿದು ನೋಡಿ: ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೊಂದು ವಾರ ಬಿಡಿ.